ಬೀಗರ ಮುಖಕ್ಕೆ ಹೊಗೆ

ಮೂವತ್ತೆಂಟನೆಯ ಇಸವಿಯ ಆ ಬೇಸಿಗೆಯಲ್ಲಿ ಗಂಗುಲಪ್ಪನಿಗೆ ತಲೆ ಚಿಟ್ಟು ಹಿಡಿದು ಹೋಗಿತ್ತು. ತಾಯಲೂರಿನ ಬತ್ತಿದ ಕೆರೆಯಂಗಳದಲ್ಲಿ ನಡೆಯಲಿದ್ದ ಮೋಟಾರು ಪಂದ್ಯಕ್ಕೆಂದು ಹದಿನೈದು ದಿನದಿಂದ ಯಜಮಾನರ ಕಾರು ಓಡಿಸಿ ನೋಡುತ್ತಿದ್ದ. ಎಡಕ್ಕೆ ತಿರುಗಿಸಿದಾಗಲೆಲ್ಲ ಬಲಗಡೆಯ ಹಿಂದಿನ ಚಕ್ರ ಜಾರುತ್ತಿತ್ತು. ಯಜಮಾನ ಕೋದಂಡರಾಮಪ್ಪನವರು ಎರಡು ಸಲ ಹೊಸ ಟೈರು ತರಿಸಿದರು, ದೃಷ್ಟಿ ತೆಗೆಸಿದರು. ಕೊನೆಗೆ, "ಪಂದ್ಯದಲ್ಲೂ ಜಾರಿದ್ರೆ ಮಾಲೂರಿಂದ ಬೇರೆ ಡ್ರೈವರ್ನ ಕರೆಸ್ತೀನಿ ಕಣೋ" ಎಂದುಬಿಟ್ಟರು. ಆರು ವರ್ಷ ಅದೇ ಸ್ಟೇರಿಂಗು ಹಿಡಿದವನಿಗೆ ಆಡುವ ಮಾತೇ ಇದು?

ತಪ್ಪು ಟೈರಿನದಲ್ಲ. ಯಜಮಾನರು ಮನೆಯ ಗಾಣದ ಹರಳೆಣ್ಣೆಯನ್ನೇ ಇಂಜಿನ್ನಿಗೆ ಸುರಿಸುತ್ತಿದ್ದರು. ಎತ್ತಿನ ಗಾಡಿಯ ಅಚ್ಚಿಗೆ ಒಗ್ಗಿದ್ದು ಮೋಟಾರಿಗೂ ಒಗ್ಗುತ್ತದೆಂದು ಅವರ ಹಟ. ಸವೆದ ಇಂಜಿನ್ನು ಆ ಎಣ್ಣೆ ಸುಟ್ಟು ಮಂದವಾದ ಹೊಗೆ ಉಗುಳುತ್ತಿತ್ತು. ಸೈಲೆನ್ಸರಿನ ಬಾಯಿ ನೇರವಾಗಿ ಆ ಚಕ್ರದ ಕಡೆಗಿತ್ತು. ಟೈರು ಮುಟ್ಟಿದರೆ ಕೈಯೆಲ್ಲ ಜಿಡ್ಡು. ಜಿಡ್ಡು ಹತ್ತಿದ ರಬ್ಬರು ನೆಲ ಹಿಡಿಯುವುದುಂಟೇ? ಆ ಎಣ್ಣೆ ಬೇಡವೆಂದು ಹೇಳಲು ಹೋಗಿ ಗಂಗುಲಪ್ಪ ಯಜಮಾನರಿಂದ ಬೈಸಿಕೊಂಡ. ಆಮೇಲೆ ಸೈಲೆನ್ಸರಿನ ಬಾಗಿದ ತುದಿಯನ್ನು ಹೊರಕ್ಕೆ ತಿರುಗಿಸಿ, ಟೈರು ತೊಳೆದು ಓಡಿಸಿದ. ಹತ್ತು ಸುತ್ತಿನಲ್ಲಿ ಒಮ್ಮೆಯೂ ಜಾರಲಿಲ್ಲ. ಅಂದು ಹೊಟ್ಟೆತುಂಬ ಮುದ್ದೆ ಉಂಡ.

ಪಂದ್ಯದ ದಿನ ಕೆರೆ ಏರಿಯ ಮೇಲೆ ಜಮಖಾನ ಹಾಸಿ ಶ್ರೀನಿವಾಸಪುರದ ಹೊಸ ಬೀಗರನ್ನು ಕೂರಿಸಿದ್ದರು. ಯಜಮಾನರು ಮಗಳನ್ನು ಆ ಮನೆಗೆ ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ಕಾರಿಗೆ ಪೂಜೆಯಾಯಿತು, ಗಂಗುಲಪ್ಪ ಕೈಮುಗಿದು ಹತ್ತಿದ. ಮೂರು ಸುತ್ತಿನವರೆಗೂ ಅವನೇ ಮುಂದು. ನಾಲ್ಕನೆಯದರಲ್ಲಿ, ಬೀಗರ ಎದುರಿನ ತಿರುವಿನಲ್ಲೇ, ಬಲಚಕ್ರ ಸರ್ರನೆ ಜಾರಿ ಕಾರು ಜಾಲಿ ಪೊದೆಗೆ ನುಗ್ಗಿತು. ಉಳಿದ ಮೂರು ಕಾರುಗಳು ಧೂಳೆಬ್ಬಿಸಿಕೊಂಡು ಹೋದವು.

ಇಳಿದು ನೋಡಿದರೆ ಸೈಲೆನ್ಸರಿನ ತುದಿ ಮತ್ತೆ ಚಕ್ರದ ಕಡೆಗೇ ತಿರುಗಿದೆ!

ಯಜಮಾನರು ಏದುಸಿರು ಬಿಡುತ್ತ ಓಡಿಬಂದರು. "ಪೂಜೆ ಹೊತ್ತಲ್ಲಿ ನಾನೇ ತಿರುಗಿಸ್ದೆ ಕಣೋ. ಬೀಗರ ಮುಖಕ್ಕೆ ಹೊಗೆ ಬಿಡೋಕಾಗ್ತದಾ? ಆಮೇಲೆ ನನ್ನ ಮಗಳು ಆ ಮನೇಲಿ ಬಾಳೋದು ಹೆಂಗೆ? ಓಡ್ಸೋದ್ರಲ್ಲಿ ತಪ್ಪಾಯ್ತು ಅಂತ ನೀನೇ ಒಪ್ಕೊಂಡ್ಬಿಡು. ನಿನ್ನ ಕೆಲಸ ಎಲ್ಲೂ ಹೋಗಲ್ಲ."

ಗಂಗುಲಪ್ಪನಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಬೀಗ ಶ್ರೀರಾಮಪ್ಪನವರೇ ಏರಿಯಿಂದ ಇಳಿದು ಬಂದರು.

"ಏಮಯ್ಯಾ ಡ್ರೈವರು, ಓಡಿಸೋಕೆ ಬರಲ್ವಾ?"

ಸುತ್ತ ನೂರು ಜನ ನೆರೆದಿದ್ದರು. ತಪ್ಪಾಯಿತು ಎಂದರೆ ನಾಳೆಯೂ ಅದೇ ಸೀಟು. ಆದರೆ ಓಡಿಸಲು ಬಾರದವನು ಎಂಬ ಹೆಸರು ಹೊತ್ತು ಕೂರಬೇಕು.

"ಬರ್ತದೆ ಸ್ವಾಮಿ. ಹೊಗೆ ನಿಮ್ಮ ಕಡೆ ಬರ್ಬಾರ್ದು ಅಂತ ಯಜಮಾನ್ರು ಅದನ್ನ ಟೈರಿನ ಮೇಲೆ ಬಿಡ್ಸಿದ್ರು. ಅದ್ಕೇ ಜಾರ್ತು."

ಶ್ರೀರಾಮಪ್ಪನವರ ಮುಖ ಅರಳಿತು. "ನಮಗೋಸ್ಕರ ಪಂದ್ಯಾನೇ ಬಿಟ್ರಲ್ಲಯ್ಯಾ! ಬೀಗರು ಅಂದ್ರೆ ಹಿಂಗಿರ್ಬೇಕು" ಎಂದು ಕೋದಂಡರಾಮಪ್ಪನವರ ಹೆಗಲ ಮೇಲೆ ಕೈಹಾಕಿದರು. ಯಜಮಾನರು ಉಬ್ಬಿಹೋದರು.

"ಕೇಳಿದ್ಯೇನ್ಲಾ? ಮುಂದಿನ ಸಲಾನೂ ಸೈಲೆನ್ಸರು ಹಂಗೇ ಇರ್ಲಿ" ಎಂದರು ಗಂಗುಲಪ್ಪನಿಗೆ.

ಗಂಗುಲಪ್ಪ ಕಾರಿನ ಕೀಲಿಯನ್ನು ಅವರ ಅಂಗೈಯಲ್ಲಿಟ್ಟ. "ಮುಂದಿನ ಸಲ ನೀವೇ ಓಡ್ಸಿ ಸ್ವಾಮಿ" ಎಂದು ಬೇರೆ ಕೆಲಸ ಹುಡುಕಿಕೊಂಡು ಮುಳಬಾಗಿಲಿನ ದಾರಿ ಹಿಡಿದ.