ಮಂಜಿನಲ್ಲಿ ಮಿಣುಕುವವರು

ಕೆಂಪು, ಎರಡು ಕೆಂಪು, ಮಿಣುಕದೆ ಸುಮ್ಮನೆ ಹೊತ್ತಿಕೊಂಡಿರುವ ಕೆಂಪು — ಅದು ದೀಪ್ತಿ, ಮುಂದಿನ ಕಾರಿನಲ್ಲಿ ನನ್ನ ಮಗಳು, ಈ ರಸ್ತೆಯಲ್ಲಿ ಮಿಣುಕದೆ ಹೋಗುತ್ತಿರುವವಳು ಅವಳೊಬ್ಬಳೇ, ಉಳಿದವರೆಲ್ಲ ಹಳದಿ, ನಾಲ್ಕೂ ಮೂಲೆಯ ಹಳದಿ ದೀಪಗಳನ್ನು ಒಟ್ಟಿಗೆ ಕುಣಿಸುತ್ತ, ಮದುವೆ ಚಪ್ಪರದ ಸೀರಿಯಲ್ ಸೆಟ್ಟಿನ ಹಾಗೆ, ದುಬೈಯಿಂದ ಅಬುಧಾಬಿಯ ಕಡೆಗೆ ಹರಿಯುತ್ತಿದ್ದಾರೆ, ನಾನೂ ಅವರಲ್ಲೊಬ್ಬಳು, ನನ್ನ ಕಾರಿನ ಹಝಾರ್ಡ್ ಬಟನ್ನು ಮನೆ ಬಿಟ್ಟಾಗಿನಿಂದ ಟಿಕ್ ಟಿಕ್ ಎನ್ನುತ್ತಿದೆ, ಹಲ್ಲಿ ಲೊಚಗುಟ್ಟಿದ ಹಾಗೆ, ಯಾವುದಕ್ಕೆ ಹೌದು ಅನ್ನುತ್ತಿದೆಯೋ — ಇದನ್ನು ಮಂಜು ಅನ್ನಲಿಕ್ಕೂ ಮನಸ್ಸು ಬರುವುದಿಲ್ಲ, ಗಾಜಿನ ಹೊರಗೆ ಯಾರೋ ಅಕ್ಕಿ ತೊಳೆದ ನೀರು ಎರಚಿದ್ದಾರೆ, ವೈಪರ್ ಉಜ್ಜಿದಷ್ಟೂ ಬಿಳಿ, ಉಜ್ಜದಿದ್ದರೂ ಬಿಳಿ, ಮೇಲಿನ ಬೋರ್ಡಿನಲ್ಲಿ ಎಂಬತ್ತಕ್ಕಿಂತ ಜೋರು ಹೋಗಬೇಡಿ ಎಂಬ ಅಂಕಿ ಒಮ್ಮೆ ತೇಲಿ ಬಂತು, ಬೋರ್ಡು ಕಾಣಲಿಲ್ಲ, ಕಂಬ ಕಾಣಲಿಲ್ಲ, ಬರೇ ಅಂಕಿ, ಆಕಾಶವಾಣಿಯಾದ ಹಾಗೆ. ಓದಿದ ಕಾದಂಬರಿಗಳಲ್ಲೆಲ್ಲ ಮಂಜು ಬಿದ್ದರೆ ಒಂದೋ ಯಾರಾದರೂ ಪ್ರೀತಿಸುತ್ತಾರೆ, ಇಲ್ಲವೇ ಯಾರದಾದರೂ ಕೊಲೆಯಾಗುತ್ತದೆ, ಶಾಲೆಯ ಲೈಬ್ರರಿಯಲ್ಲಿ ಇಷ್ಟು ವರ್ಷ ಕೂತು ಕಂಡದ್ದು ಇಷ್ಟೇ, ಮಂಜಿನಲ್ಲಿ ಪಕ್ಕದ ಲೇನಿನವನಿಗೆ ಬೈಯುತ್ತ ಕೂತ ಹೆಂಗಸಿನ ಬಗ್ಗೆ ಯಾರೂ ಬರೆದಿಲ್ಲ — ಇವನಿಗೇನು, ಈ ಸ್ಟಾಫ್ ಬಸ್ಸಿನವನಿಗೆ, ಮೈಗೆ ಮೈ ತಾಗಿಸಿಕೊಂಡು ಬರುತ್ತಿದ್ದಾನೆ, ಕಿಟಕಿಗೆ ತಲೆ ಆನಿಸಿ ಮಲಗಿದ ಗಂಡಸರು ಒಬ್ಬರ ಹಿಂದೆ ಒಬ್ಬರು, ಬಾಯಿ ತೆರೆದುಕೊಂಡು, ಗಾಜಿಗೆ ಅವರ ಉಸಿರಿನ ಮಂಜು, ಹೊರಗಿನದು ಸಾಲದೆಂದು. ಆಚೆ ಕಡೆಯವನೊಬ್ಬ ಗಾಜು ಇಳಿಸಿ ಫೋನು ಹೊರಗೆ ಹಿಡಿದಿದ್ದಾನೆ, ಏನೂ ಕಾಣದಿರುವುದರ ವಿಡಿಯೋ ಮಾಡುತ್ತಿದ್ದಾನೆ, ಊರಿನಲ್ಲಿ ಯಾರೋ ಅದನ್ನು ನೋಡಿ ಸೂಪರ್ ಅನ್ನಬೇಕು. ಎರಡು ಕೆಂಪು, ಉಂಟು, ಅಲ್ಲೇ ಉಂಟು. ನಾನು ಅವಳ ಹಿಂದೆ ಬರುತ್ತಿರುವುದು ದಾರಿ ತೋರಿಸಲಿಕ್ಕಲ್ಲ, ದಾರಿ ಅವಳ ಫೋನಿಗೆ ಗೊತ್ತು, ಹಿಂದಿನಿಂದ ಬಂದು ಗುದ್ದುವವನು ಯಾರೇ ಆಗಲಿ ಮೊದಲು ನನಗೆ ಗುದ್ದಲಿ ಎಂದು. ಇದನ್ನು ಅವಳಿಗೆ ಹೇಳಿಲ್ಲ. ಹಿಂದೆ ಹೋಗುತ್ತೇನೆ ಎಂದಷ್ಟೇ ಜಮೀಲಳಿಗೆ ಹೇಳಿದ್ದೆ, ಎದುರು ಫ್ಲಾಟಿನ ಜಮೀಲ, ನಿನ್ನೆ ಲಿಫ್ಟಿನಲ್ಲಿ, ಅಲ್ಲ ವಾರಿಜಕ್ಕ, ಮಗಳು ಕೆಲಸಕ್ಕೆ ಸೇರುವುದಾ ಮಂತ್ರಿಯಾಗುವುದಾ, ಹಿಂದಿನಿಂದ ಎಸ್ಕಾರ್ಟು ಬೇರೆ, ಎಂದು ನಕ್ಕಳು, ನಾನೂ ನಕ್ಕೆ, ಶಾಲೆಗೆ ರಜೆ, ಮನೆಯಲ್ಲಿ ಕೂತು ಎಂತ ಮಾಡುವುದು ಅಂದೆ.

ಬೆಳಿಗ್ಗೆ ಹೊರಡುವಾಗ ಮುಹೈಸ್ನಾದ ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಇವರು, ದೀಪ್ತಿಯ ಪಪ್ಪ, ಅಲ್ ಕೂಜ್‌ನ ಗೋದಾಮಿನಲ್ಲಿ ಡ್ರೈವರುಗಳಿಗೆ ಬುದ್ಧಿ ಹೇಳಿ ಹೇಳಿ ಇಡೀ ಜಗತ್ತೇ ತನ್ನ ಕೈಕೆಳಗಿನ ಡ್ರೈವರು ಎಂದು ತಿಳಿದುಕೊಂಡಿರುವ ಗುಣಪಾಲರು, ಲುಂಗಿಯಲ್ಲೇ ಇಳಿದು ಬಂದು ಅವಳ ಗಿಡ್ಡ ಬೂದು ಕಾರಿನ ಚಕ್ರದಡಿ ಲಿಂಬೆಹಣ್ಣು ಇಟ್ಟರು, ನಿಂತ ವಾಚ್‌ಮನ್ ಬೆರಗಾಗಿ ನೋಡಿದ, ಮತ್ತೆ ಶುರು — ಹೊರಗೆ ಮಂಜುಂಟು, ಹಝಾರ್ಡ್ ಹಾಕಿಕೊಂಡೇ ಹೋಗ್ಬೇಕು, ಹಾಕಿದ್ರೆ ದೂರದಿಂದ ಕಾಣ್ತದೆ. ಪಪ್ಪಾ, ದಟ್ಸ್ ರಾಂಗ್, ಅಂತ ಇವಳು, ಹಝಾರ್ಡ್ ಅಂದ್ರೆ ನಾನು ನಿಂತಿದ್ದೇನೆ ಅಂತ, ಐ ಹ್ಯಾವ್ ಸ್ಟಾಪ್ಡ್, ಓಡುವ ಗಾಡಿಯಲ್ಲಿ ಹಾಕಿದ್ರೆ ಫೈನು, ಲೈಸೆನ್ಸಿಗೆ ಬ್ಲ್ಯಾಕ್ ಪಾಯಿಂಟ್ ಕೊಡ್ತಾರೆ. ನಿನ್ನ ಲೈಸೆನ್ಸಿನ ಪ್ಲಾಸ್ಟಿಕ್ ಇನ್ನೂ ಬಿಸಿ ಉಂಟು ಮಾರಾಯ್ತಿ, ನನಗೆ ಕಲಿಸ್ಲಿಕ್ಕೆ ಬಂದ್ಯಾ, ಎಲ್ಲರೂ ಹಾಕ್ತಾರೆ. ಎಲ್ಲರೂ ರಾಂಗ್, ಪಪ್ಪಾ. ಓಹೋ, ಇಡೀ ಎಮಿರೇಟ್ಸ್ ರಾಂಗ್, ಇವಳೊಬ್ಬಳು ರೈಟ್, ವಾರಿಜ, ನೀನಾದ್ರೂ ಹೇಳು ಇವಳಿಗೆ. ನಾನು ಏನು ಹೇಳಲಿ, ಪುಸ್ತಕದಲ್ಲಿರುವುದು ಅವಳು ಹೇಳಿದ್ದೇ, ಆದರೆ ಮದುವೆಯಾಗಿ ಬಂದ ಮೇಲೆ ಮೊದಲ ಚಳಿಗಾಲ ಇವರ ಪಕ್ಕದ ಸೀಟಿನಲ್ಲಿ ಕೂತು ಶಾರ್ಜಾದಿಂದ ಬರುವಾಗ ಇವರು ಹಝಾರ್ಡ್ ಬಟನ್ನಿನ ಆ ತ್ರಿಕೋನ ಒತ್ತಿದ್ದರು, ಮನೆ ಮುಟ್ಟುವವರೆಗೂ ಟಿಕ್ ಟಿಕ್, ಏನೂ ಆಗಲಿಲ್ಲ, ಮರುವರ್ಷವೂ ಏನೂ ಆಗಲಿಲ್ಲ, ಏನೂ ಆಗದಿದ್ದದ್ದೇ ಪುರಾವೆಯಾಯಿತು. ಮಂಜು ಅಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ದೇವಸ್ಥಾನ ಕಂಡರೆ ಎದೆಗೆ ಹೋದ ಹಾಗೆ. ಅವಳು ಒತ್ತಲಿಲ್ಲ. ಹುಟ್ಟಿದ್ದೇ ಇಲ್ಲಿ, ಊರಿನ ಯಾವ ಮಾತೂ ಅವಳ ಕೈಗೆ ಬಂದಿಲ್ಲ, ನಾಲಗೆಗೆ ಅಷ್ಟಿಷ್ಟು. ಅಮ್ಮಾ, ಪ್ಲೀಸ್, ಹಿಂದೆ ಬರ್ಬೇಡ, ಇಟ್ಸ್ ಎಂಬರಾಸಿಂಗ್, ಅಂದಳು, ನಾನು ಬಂದೆ.

ಫೋನು. ಇವರೇ. ಸ್ಪೀಕರು ಒತ್ತಿದೆ, ಕಾರಿನ ತುಂಬ ಇವರ ಸ್ವರ, ಹಿಂದೆ ಕುಕ್ಕರಿನ ಸೀಟಿ, ಎಲ್ಲಿ ಮುಟ್ಟಿದಿ. ಜಬಲ್ ಅಲಿ ಕಳೀತು ಅನ್ನಿಸ್ತದೆ. ಅನ್ನಿಸ್ತದೆ ಅಂದ್ರೆ? ಕಾಣುವುದಿಲ್ಲಲ್ಲ, ಅನ್ನಿಸುವುದೇ. ಅವಳು ಹಾಕಿದ್ಲಾ? ಇಲ್ಲ. ಫೋನ್ ಮಾಡಿ ಹೇಳು. ಗಾಡಿ ಬಿಡುವಾಗ ಅವಳು ಫೋನ್ ತೆಗಿಯುವುದಿಲ್ಲ, ನಿಮ್ಮ ಹಾಗಲ್ಲ. ನೀನು ತೆಗ್ದಿಯಲ್ಲ. ನಾನು ನಿಮ್ಮ ಹಾಗೆ. ಇವರು ನಗುವುದಿಲ್ಲ, ಇವರಿಗೆ ಹೆದರಿಕೆಯಾಗಿದೆ, ಹೆದರಿಕೆಯಾದಾಗ ಇವರು ಬುದ್ಧಿ ಹೇಳುತ್ತಾರೆ, ನಾನು ಕುಶಾಲು ಮಾಡುತ್ತೇನೆ, ಮಗಳು ಕೆಲಸಕ್ಕೆ ಸೇರುವ ದಿನವೇ ಇಂಥ ಬೆಳಗು ಆಗಬೇಕಿತ್ತೇ, ಫೋನು ಇಡಬೇಡಿ, ಹಾಗೇ ಇರಲಿ, ಅಂದೆ ನಾನು, ಯಾಕೆ ಹಾಗಂದೆನೋ. ಕನ್ನಡಿಯಲ್ಲಿ ಒಮ್ಮೆಲೇ ಹಗಲಾಯಿತು — ದೊಡ್ಡ ಬಿಳಿ ಗಾಡಿ, ಹೈಬೀಮು ಹೊಡೆಯುತ್ತಿದ್ದಾನೆ, ಪಟಪಟ ಪಟಪಟ, ಸರಿ ಎಂದು, ಎಲ್ಲಿಗೆ ಸರಿಯಲಿ ಮಾರಾಯ, ಬಲಗಡೆ ಬಸ್ಸು, ಮುಂದೆ ನನ್ನ ಮಗಳು, ನಿನಗೆ ಯಾವ ರಾಜ್ಯ ಮುಳುಗುತ್ತಿದೆ, ಇಷ್ಟು ಬೆಳಕು ಮಂಜಿಗೆ ಹೊಡೆದರೆ ನಿನ್ನ ಕಣ್ಣಿಗೇ ವಾಪಸ್ಸು ಬರುತ್ತದೆ ಎಂದು ಯಾರೂ ಹೇಳಿಲ್ಲವೇ ನಿನಗೆ, ಹೋಗು, ಹೋಗು, ಯಲ್ಲಾ — ಹೋದ, ಎಡದಿಂದ ನುಗ್ಗಿ ನನ್ನ ಮೂಗಿನ ಮುಂದೆ ತೂರಿಕೊಂಡ, ಅವನೂ ಹಳದಿ ಕುಣಿಸುತ್ತಿದ್ದಾನೆ, ನೂರಾ ಇಪ್ಪತ್ತರಲ್ಲಿ ಹೋಗುತ್ತ ಜಾಗ್ರತೆ ಜಾಗ್ರತೆ ಎನ್ನುತ್ತಿದ್ದಾನೆ. ಅವನ ಬೆನ್ನು ನನ್ನ ಎರಡು ಕೆಂಪನ್ನು ನುಂಗಿತು. ಅವನೂ ಕರಗಿದ. ಅಲ್ಲಿ ಈಗ ಏನಿಲ್ಲ. ಬಿಳಿ. ಎಂತಾಯ್ತು, ಫೋನಿನಿಂದ ಇವರು. ಏನಿಲ್ಲ, ಒಬ್ಬ ಅಡ್ಡ ಬಂದ. ಅವಳು ಕಾಣ್ತಾಳಾ? ಕಾಣ್ತಾಳೆ, ಅಂದೆ.

ಕಾಣುವುದಿಲ್ಲ. ಸ್ವಲ್ಪ ಜೋರು ಹೋದರೆ ಸಿಗಬಹುದು, ಬಸ್ಸು ಹಿಂದೆ ಬಿತ್ತು, ಬಲದ ಕೊನೆಯ ಲೇನಿಗೆ ಇಳಿದೆ, ಇಲ್ಲಿ ನಿಧಾನ ಹೋಗುವವರ ಲೇನು ಅದು, ಅವಳಿಗೆ ಹೆದರಿಕೆಯಾದರೆ ಅವಳು ಬಲಕ್ಕೇ ಬರುತ್ತಾಳೆ, ತಡೆಗೋಡೆಯ ಕಬ್ಬಿಣದ ಪಟ್ಟಿ ಬಲಗಡೆ ಓಡುತ್ತಿದೆ, ಅದೊಂದೇ ಈಗ ಲೋಕ ಉಂಟು ಎನ್ನುವುದಕ್ಕೆ ಸಾಕ್ಷಿ. ಹಳದಿ ಒಂದು ಬಂತು, ನೋಡಿದೆ, ಅವಳದಲ್ಲ, ಲಾಂಡ್ರಿಯ ವ್ಯಾನು, ಹಿಂದಿನ ಗಾಜಿನಲ್ಲಿ ಶರ್ಟುಗಳು ತಲೆಯಿಲ್ಲದೆ ನಿಂತಿವೆ, ದಾಟಿದೆ. ಇನ್ನೊಂದು ಹಳದಿ, ಅದೂ ಅಲ್ಲ. ಯಾವ ಹಳದಿಯೂ ಅವಳಲ್ಲ, ಅವಳು ಕೆಂಪು, ನಾನು ಹುಡುಕಬೇಕಾದದ್ದು ಕೆಂಪು, ಹೇಳಿದ ಮಾತು ಕೇಳದ ಕೆಂಪು. ಒಳಗೆ ಏನೋ ವಾಸನೆ, ಏಸಿಯ ತೂತಿನಿಂದ, ಸುಟ್ಟ ರಬ್ಬರಿನದೋ, ಇವರ ಕುಕ್ಕರಿನ ತಳ ಹಿಡಿದದ್ದು ಫೋನಿನಿಂದ ಬಂತೋ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ, ನಗು ಬಂತು, ನಗು ಪೂರ್ತಿ ಬರಲಿಲ್ಲ. ಆಚೆ ದಿಕ್ಕಿನ ರಸ್ತೆಯ ಸದ್ದು ನಿಂತಿದೆ, ಯಾವಾಗ ನಿಂತಿತು. ಸಣ್ಣವಳಿದ್ದಾಗ ಅವಳು ಮಂಚದಡಿ ಅಡಗಿ ಕೂತು, ಅಮ್ಮಾ ನಾನಿಲ್ಲಿಲ್ಲ, ಎಂದು ಕೂಗುತ್ತಿದ್ದಳು. ಅಗೋ, ಹಳದಿ. ಬಲದ ಲೇನಿನಲ್ಲೇ, ಕೆಳಗೆ, ಗಿಡ್ಡಕ್ಕೆ, ಹಳದಿ, ಇಲ್ಲ, ಹಳದಿ, ಇಲ್ಲ — ಆ ಬೂದು ಬೆನ್ನು ನನಗೆ ಗೊತ್ತು, ಅವಳದೇ, ದೀಪ್ತಿಯದೇ, ದೇವರೇ ಸಿಕ್ಕಿದಳು, ಮತ್ತು ನೋಡಿ, ಹಾಕಿದ್ದಾಳೆ, ಕೊನೆಗೂ ಹಾಕಿದ್ದಾಳೆ, ಹಾಕಿದ್ದಾಳೆ ಮಾರಾಯ್ರೆ ನಿಮ್ಮ ಮಗಳು, ಅಂತ ಫೋನಿಗೆ ಕೂಗಿದೆ, ಇವರು ಹಾಂ ಎಂದು ದೊಡ್ಡದಾಗಿ ನಕ್ಕರು, ನಾನು ಹೇಳಿದ್ದೆ, ಒಮ್ಮೆ ಮಂಜು ಕಂಡ್ರೆ ಬುದ್ಧಿ ತಾನೇ ಬರ್ತದೆ, ಬ್ಲ್ಯಾಕ್ ಪಾಯಿಂಟಂತೆ, ಆ ನಗುವಿನ ಬೆಚ್ಚಗಿನಲ್ಲಿ ನಾನೂ ಇದ್ದೇನೆ, ಗೆದ್ದವರ ಪಕ್ಷದಲ್ಲಿ, ಇನ್ನು ಅವಳ ಹಿಂದೆ ನಿಧಾನ ಹೋದರಾಯಿತು, ಹಳದಿಯ ಹಿಂದೆ ಹಳದಿ, ತಾಯಿಯ ಹಾಗೆ ಮಗಳು, ಹಳದಿ ದೊಡ್ಡದಾಗುತ್ತಿದೆ, ಎಷ್ಟು ನಿಧಾನ ಬಿಡುತ್ತಾಳೆ ಇವಳು, ಹಳದಿ ದೊಡ್ಡದಾಗುತ್ತಿದೆ, ಅವಳು ಹೇಳಿದ ಮಾತು ಕೇಳುವವಳಲ್ಲ. ಅವಳು ಯಾವತ್ತೂ ಹೇಳಿದ ಮಾತು ಕೇಳಿದವಳಲ್ಲ. ಹಝಾರ್ಡ್ ಅಂದ್ರೆ ನಾನು ನಿಂತಿದ್ದೇನೆ ಅಂತ, ಪಪ್ಪಾ. ನಾನು ನಿಂತಿದ್ದೇನೆ. ನಾನು ನಿಂತಿದ್ದೇನೆ —

ಕಾಲು ನನ್ನದೋ ಯಾರದೋ, ಬ್ರೇಕಿನ ಪೆಡಲು ಪಾದದಡಿ ಗಡಗಡ ನಡುಗಿತು, ಬೆಲ್ಟು ಎದೆಗೆ ಕಚ್ಚಿತು, ಫೋನು ಹಾರಿ ಕೆಳಗೆಲ್ಲೋ ಬಿತ್ತು, ಬೂದು ಬೆನ್ನು ಬಂತು ಬಂತು ಬಂತು, ನಿಂತಿತು, ಅಲ್ಲ, ನಾನು ನಿಂತೆ. ತಾಗಲಿಲ್ಲ. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಅವಳ ಕಾರಿನ ಆಚೆ ಆ ದೊಡ್ಡ ಬಿಳಿ ಗಾಡಿ ರಸ್ತೆಗೆ ಅಡ್ಡ ತಿರುಗಿ ನಿಂತಿದೆ, ಅದರಾಚೆ ಇನ್ನೂ ಏನೇನೋ, ಕಬ್ಬಿಣ, ಆವಿ. ಅವಳ ಕಾರಿನೊಳಗೆ ಯಾರೂ ಇಲ್ಲ. ಸೀಟು ಖಾಲಿ, ಬಾಗಿಲು ತೆರೆದಿದೆ, ಎಲ್ಲಿ, ಎಲ್ಲಿ — ಅಲ್ಲಿ, ತಡೆಗೋಡೆಯ ಆಚೆ, ಮರಳಿನ ಮೇಲೆ, ನಿಂತಿದ್ದಾಳೆ, ಹೊಸ ಕೆಲಸಕ್ಕೆಂದು ಹೊಲಿಸಿದ ನೀಲಿ ಕುರ್ತಾ, ಎರಡೂ ಕೈ ಎತ್ತಿದ್ದಾಳೆ, ಪುಸ್ತಕದಲ್ಲಿ ಹೇಳಿದ ಹಾಗೆಯೇ ಎಲ್ಲ ಮಾಡಿದ್ದಾಳೆ, ನಿಲ್ಲಿಸಿ, ದೀಪ ಹಾಕಿ, ಗಾಡಿ ಬಿಟ್ಟು ದೂರ ಹೋಗಿ, ಬದುಕಿದ್ದಾಳೆ, ಮತ್ತೆ ಇನ್ನೇನು ಬೇಕು ನನಗೆ. ಕೂಗುತ್ತಿದ್ದಾಳೆ, ಗಾಜಿನಿಂದಾಚೆ ಬಾಯಿ ಮಾತ್ರ, ಅಮ್ಮಾ, ಗೆಟ್ ಔಟ್, ಇಳೀ, ಇಳಿದು ಬಾ, ಎರಡೂ ಭಾಷೆಯಲ್ಲಿ. ಇಳಿಯುತ್ತೇನೆ ಮಗಾ, ಒಂದು ನಿಮಿಷ, ಮೊದಲು ಹಿಂದಿನವರಿಗೆ ತಿಳಿಸಬೇಕು, ನಾನು ನಿಂತಿದ್ದೇನೆ ಎಂದು, ಕೈ ತಾನಾಗಿ ತ್ರಿಕೋನಕ್ಕೆ ಹೋಯಿತು — ಅದು ಹೊತ್ತಿಕೊಂಡೇ ಉಂಟು. ಮನೆಯಿಂದಲೂ ಹೊತ್ತಿಕೊಂಡೇ ಉಂಟು, ಟಿಕ್ ಟಿಕ್, ಇಷ್ಟು ದೂರ ಅದನ್ನೇ ಹೇಳುತ್ತ ಬಂದಿದ್ದೇನೆ, ನಿಂತಿದ್ದೇನೆ ನಿಂತಿದ್ದೇನೆ ಎಂದು, ಓಡುತ್ತಲೇ, ಇನ್ನು ಹೇಳಲಿಕ್ಕೆ ಬೇರೆ ದೀಪ ಇಲ್ಲ, ಒತ್ತಿದರೆ ಆರುತ್ತದೆ, ಒತ್ತದಿದ್ದರೆ ಎಲ್ಲರ ಹಾಗೆ ಓಡುತ್ತಿರುವವಳು. ಬೆಲ್ಟಿನ ಬಕಲು ಎಲ್ಲಿ, ಶಾಲು ಸಿಕ್ಕಿಹಾಕಿಕೊಂಡಿದೆ. ಸೀಟಿನಡಿಯಿಂದ ಇವರ ಸ್ವರ, ವಾರಿಜ, ವಾರಿಜ, ಎಂತದು ಶಬ್ದ, ನೀನು ಹಝಾರ್ಡ್ ಹಾಕಿದ್ದೀಯಲ್ಲ? ಹಾಕಿದ್ದೇನೆ. ಕನ್ನಡಿಯಲ್ಲಿ ಬಿಳಿ, ಬಿಳಿಯ ಒಳಗೆ ಹಳದಿ. ಇಲ್ಲ. ಹಳದಿ. ಯಾರೋ ಜಾಗ್ರತೆಯವರು, ಮನೆಯಲ್ಲಿ ಯಾರೋ ಹೇಳಿ ಕಳಿಸಿದವರು, ನನ್ನ ಹಳದಿ ಅವರಿಗೆ ಕಾಣುತ್ತಿದೆ, ಚೆನ್ನಾಗಿ ಕಾಣುತ್ತಿದೆ. ಇಲ್ಲ. ಹಳದಿ, ಸ್ವಲ್ಪ ದೊಡ್ಡದು. ಇಲ್ಲ. ಹಳದಿ