ಕುರಕುಂಭದ ಸಾಮಾನ್ಯ ಚಾನೆಲ್

ನಾನು ಪುಣೆ ಜಿಲ್ಲೆಯ ದೌಂಡ್ ಹತ್ತಿರದ ಕುರಕುಂಭದ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ಸೇರಿದ್ದು ೧೯೯೬ರಲ್ಲಿ. ಅಪ್ಪ ಗದಗಿನಿಂದ ದೌಂಡ್ ಜಂಕ್ಷನ್ನಿಗೆ ರೈಲ್ವೆ ಗುಮಾಸ್ತರಾಗಿ ಬಂದವರು. ನಾನು ಹುಟ್ಟಿದ್ದು, ಓದಿದ್ದು, ಮರಾಠಿಯಲ್ಲಿ ಜಗಳವಾಡಲು ಕಲಿತದ್ದು ಎಲ್ಲ ದೌಂಡಿನಲ್ಲೇ. ಕುರಕುಂಭದ ಹನ್ನೆರಡು ಕೆಮಿಕಲ್ ಕಾರ್ಖಾನೆಗಳು ಸೇರಿ ಒಂದು ಪರಸ್ಪರ ನೆರವಿನ ಮಂಡಳಿ ಮಾಡಿಕೊಂಡಿದ್ದವು. ಒಂದರಲ್ಲಿ ಬೆಂಕಿ ಹತ್ತಿದರೆ ಉಳಿದವು ತಮ್ಮ ಫೈರ್ ಗಾಡಿಗಳನ್ನು ಕಳಿಸಬೇಕು. ಆ ಗಾಡಿಗಳನ್ನು ಕರೆಯುವ, ಎಲ್ಲಿಗೆ ಹೋಗಬೇಕೆಂದು ಹೇಳುವ ಕೆಲಸ ನನ್ನದು.

ನಮ್ಮ ವೈರ್‌ಲೆಸ್ ಸೆಟ್ಟುಗಳು ಚೆನ್ನಾಗಿದ್ದವು. ಪೊಲೀಸರ ಸೆಟ್ಟುಗಳೂ ಚೆನ್ನಾಗಿದ್ದವು. ಎರಡನ್ನೂ ರಿಪೇರಿ ಮಾಡುತ್ತಿದ್ದವರು ಒಬ್ಬರೇ, ಪುಣೆಯ ಭೋಸರಿಯಲ್ಲಿ ಅಂಗಡಿ ಇಟ್ಟಿದ್ದ ಶಿವರುದ್ರಪ್ಪ. ಆದರೆ ನಮ್ಮ ಫ್ರೀಕ್ವೆನ್ಸಿ ಬೇರೆ, ಅವರದು ಬೇರೆ. ನಾನು ಕೂಗಿದ್ದು ಅವರಿಗೆ ಕೇಳುತ್ತಿರಲಿಲ್ಲ, ಅವರು ಕೂಗಿದ್ದು ನನಗೆ ಕೇಳುತ್ತಿರಲಿಲ್ಲ. ೧೯೯೮ರಲ್ಲಿ ಒಂದು ಗೋದಾಮಿಗೆ ಬೆಂಕಿ ಬಿದ್ದಾಗ ನಮ್ಮ ಗಾಡಿಯೂ ಪೊಲೀಸ್ ವ್ಯಾನೂ ಒಂದೇ ಇಕ್ಕಟ್ಟಾದ ಗೇಟಿನಲ್ಲಿ ಮುಖಾಮುಖಿಯಾಗಿ ಸಿಕ್ಕಿಕೊಂಡವು. ನೀನು ಹಿಂದೆ ಸರಿ, ನೀನು ಹಿಂದೆ ಸರಿ ಎಂದು ಎರಡೂ ಹಾರ್ನ್ ಹೊಡೆಯುತ್ತ ನಿಂತಿರುವಾಗ ಗೋದಾಮು ತನ್ನ ಪಾಡಿಗೆ ತಾನು ಉರಿದು ಹೋಯಿತು.

ಆ ವಾರವೇ ನಾನು ವೈರ್‌ಲೆಸ್ ಲೈಸೆನ್ಸು ಕೊಡುವ ದಿಲ್ಲಿಯ ಇಲಾಖೆಗೆ ಅರ್ಜಿ ಬರೆದೆ. ಕೇಳಿದ್ದು ಬಹಳ ಸಣ್ಣದು. ಕಾರ್ಖಾನೆಯವರು, ಪೊಲೀಸರು, ಆಂಬ್ಯುಲೆನ್ಸಿನವರು ಅಪಘಾತದ ಹೊತ್ತಿನಲ್ಲಿ ಒಟ್ಟಿಗೆ ಮಾತಾಡಲು ಒಂದು ಸಾಮಾನ್ಯ ಚಾನೆಲ್ ಕೊಡಿ, ಅಷ್ಟೇ.

ದಿಲ್ಲಿಯ ಉತ್ತರ ಹದಿನಾಲ್ಕು ತಿಂಗಳ ಮೇಲೆ ಬಂತು. ನಿಮ್ಮ ಲೈಸೆನ್ಸು ಕಾರ್ಖಾನೆಗಳ ಆಂತರಿಕ ಬಳಕೆಗೆ ಮಾತ್ರ, ಬೇರೆ ಇಲಾಖೆಯ ಸೆಟ್ಟಿನೊಂದಿಗೆ ಮಾತಾಡುವುದು ಷರತ್ತಿನ ಉಲ್ಲಂಘನೆ ಎಂದಿತ್ತು. ಮತ್ತೆ ಬರೆದೆ. ಪೊಲೀಸರ ಒಪ್ಪಿಗೆ ಪತ್ರ ತನ್ನಿ ಎಂದರು. ಪೊಲೀಸರು, ದಿಲ್ಲಿಯ ಅನುಮತಿ ಮೊದಲು ತನ್ನಿ, ಆಮೇಲೆ ಒಪ್ಪಿಗೆ ಎಂದರು. ಮೂರನೆಯ ಸಲ ಜೊತೆಗಿಟ್ಟ ಪ್ರದೇಶದ ನಕಾಶೆ ಬಣ್ಣದಲ್ಲಿಲ್ಲ ಎಂದು ಅರ್ಜಿ ತಿರುಗಿ ಬಂತು. ನಾನು ನಾಲ್ಕು ಬಣ್ಣದಲ್ಲಿ ನಕಾಶೆ ಬರೆಸಿ ಕಳಿಸಿದೆ. ಕೊಡಲು ಫ್ರೀಕ್ವೆನ್ಸಿ ಉಳಿದಿಲ್ಲ, ಆಕಾಶದಲ್ಲಿ ಜಾಗ ಖಾಲಿ ಇಲ್ಲ ಎಂದರು. ಆ ವರ್ಷಗಳಲ್ಲೇ ಪುಣೆಯ ಒಂದೊಂದು ಕಟ್ಟಡದ ತಲೆಯ ಮೇಲೂ ಮೊಬೈಲ್ ಟವರು ಏಳುತ್ತಿತ್ತು. ಸಿನೆಮಾ ಹಾಡಿನ ರಿಂಗ್‌ಟೋನಿಗೆ ಆಕಾಶದಲ್ಲಿ ಜಾಗವಿತ್ತು. ಬೆಂಕಿ ಎಲ್ಲಿ ಬಿದ್ದಿದೆ ಎಂದು ಹೇಳಲು ಇರಲಿಲ್ಲ.

೨೦೦೪ರಲ್ಲಿ ಪುಣೆಯಲ್ಲಿ ಒಂದು ಸಮಿತಿ ಹುಟ್ಟಿತು. ಆಪತ್ಕಾಲ ಸಂವಹನ ಸಮನ್ವಯ ಸಮಿತಿ ಎಂದು ಅದರ ಹೆಸರು. ಸ್ಟೇಷನ್ ಹತ್ತಿರದ ಹವಾನಿಯಂತ್ರಿತ ಹೋಟೆಲಿನಲ್ಲಿ ಅದರ ಮೊದಲ ಸಭೆ ನಡೆಯಿತು. ನನ್ನನ್ನೂ ಕರೆದಿದ್ದರು. ಪೊಲೀಸ್ ಠಾಣೆಯ ಒಬ್ಬ ಕಾನ್ಸ್‌ಟೇಬಲನ್ನಾಗಲಿ ಆಂಬ್ಯುಲೆನ್ಸಿನ ಒಬ್ಬ ಡ್ರೈವರನ್ನಾಗಲಿ ಕರೆದಿರಲಿಲ್ಲ. ಸಮಿತಿಯ ಸಲಹೆಗಾರ ಚೇತನ ಎಂಬಾತ. ಉಡುಪಿ ಕಡೆಯ ಹೋಟೆಲಿನವರ ಮಗ, ಪುಣೆಯಲ್ಲೇ ಬೆಳೆದವನು, ಇಂಜಿನಿಯರ್. ನಾನು ಕನ್ನಡದವಳೆಂದು ಗೊತ್ತಾದ ಕೂಡಲೇ ತನ್ನ ತಟ್ಟೆ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಬಂದು ಕೂತ.

“ಮೇಡಂ, ನಿಮ್ಮ ಅರ್ಜಿ ನೋಡಿದೆ. ನೀವು ಕೇಳ್ತಾ ಇರೋದು ಹಳೇ ಕಾಲದ್ದು ಮಾರಾಯ್ರೆ. ಬರೀ ಮಾತು! ನಾವು ಕೊಡೋದು ಬ್ರಾಡ್‌ಬ್ಯಾಂಡ್. ಫೈರ್ ಗಾಡಿಯಲ್ಲಿ ಲ್ಯಾಪ್‌ಟಾಪ್ ಇರ್ತದೆ. ವಿಡಿಯೋ ಹೋಗ್ತದೆ, ಮ್ಯಾಪ್ ಹೋಗ್ತದೆ, ಯಾವ ಟ್ಯಾಂಕಿನಲ್ಲಿ ಎಂತ ಉಂಟು ಅಂತ ಇಡೀ ಪಟ್ಟಿ ಹೋಗ್ತದೆ.”

“ಮಾತು ಹೋಗ್ತದೇನ್ರಿ?” ಎಂದೆ.

“ಅದೂ ಹೋಗ್ತದೆ. ಎರಡನೇ ಹಂತದಲ್ಲಿ.”

ಮೊದಲನೆಯ ಹಂತವನ್ನು ಮುಂದಿನ ವರ್ಷ ಕುರಕುಂಭಕ್ಕೇ ತಂದರು. ಮೂರು ತಿಂಗಳ ತಾತ್ಕಾಲಿಕ ಅನುಮತಿಯ ಮೇಲೆ ಸ್ವಲ್ಪ ಸ್ಪೆಕ್ಟ್ರಮ್, ಅಂದರೆ ಆಕಾಶದಲ್ಲಿ ಜಾಗ, ಸಿಕ್ಕಿತ್ತು. ನಮ್ಮ ನೀರಿನ ಟ್ಯಾಂಕಿನ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂರಿಸಿದರು, ಶಾಮಿಯಾನ ಹಾಕಿಸಿದರು. ಮುಂಬಯಿಯಿಂದ ದೊಡ್ಡ ಅಧಿಕಾರಿಗಳು ಬಂದರು. ಇನ್ನೂರು ಅಡಿ ದೂರದಲ್ಲಿ ಒಂದು ಡ್ರಮ್ಮಿನಲ್ಲಿ ಚಿಂದಿ ಬಟ್ಟೆಗೆ ಬೆಂಕಿ ಹಚ್ಚಿ, ಆ ಬೆಂಕಿಯ ಚಿತ್ರವನ್ನು ಶಾಮಿಯಾನದ ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುತ್ತಿಗೆ ಸ್ವಲ್ಪ ಹೊರಳಿಸಿದ್ದರೆ ಆ ಡ್ರಮ್ಮು ಬರಿಗಣ್ಣಿಗೇ ಕಾಣುತ್ತಿತ್ತು. ಆದರೆ ಯಾರೂ ಹೊರಳಿಸಲಿಲ್ಲ.

ಮೂರು ತಿಂಗಳು ಮುಗಿಯಿತು, ಅನುಮತಿ ಮುಗಿಯಿತು. ಪೆಟ್ಟಿಗೆಯ ಕರೆಂಟು ತೆಗೆದು ಹೋದರು. ಹೋಗುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿದರು: ಬ್ರಾಡ್‌ಬ್ಯಾಂಡ್ ಬರುತ್ತಿರುವುದರಿಂದ ಸಾಮಾನ್ಯ ಚಾನೆಲ್ಲಿನ ಅಗತ್ಯವಿಲ್ಲ ಎಂದು ಬರೆದು, ಏಳು ವರ್ಷದ ನನ್ನ ಫೈಲನ್ನು ಮುಚ್ಚಿಸಿದರು.

೨೦೦೬ರ ಏಪ್ರಿಲ್. ಮಂಗಳವಾರ ಮಧ್ಯಾಹ್ನ ಒಂದೂಕಾಲಿಗೆ ಒಂದು ಕಾರ್ಖಾನೆಯ ಅಮೋನಿಯಾ ಟ್ಯಾಂಕಿನ ವಾಲ್ವು ಒಡೆಯಿತು. ಬಿಳಿ ಮೋಡ ನೆಲ ಸವರುತ್ತ ಹೊರಟಿತು. ನಾನು ಗಾಡಿಗಳನ್ನು ಕಳಿಸಿದೆ, ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಆಗ ಗಾಳಿ ದಕ್ಷಿಣಕ್ಕೆ ಬೀಸುತ್ತಿತ್ತು. ಪೊಲೀಸರು ಬೇಗನೇ ಬಂದು, ಕೂಲಿಕಾರರನ್ನು, ದಾರಿಹೋಕರನ್ನು ಕಾರ್ಖಾನೆಯ ಪೂರ್ವದ ಬಯಲಿಗೆ ಸೇರಿಸಿದರು. ಐನೂರು ಜನ ಇದ್ದರು. ಅಲ್ಲಿಯವರೆಗೆ ಎಲ್ಲರೂ ಸರಿಯಾದದ್ದನ್ನೇ ಮಾಡಿದ್ದರು.

ಒಂದೂ ಐವತ್ತಕ್ಕೆ ಗಾಳಿ ತಿರುಗಿತು. ಗಾಳಿಯ ದಿಕ್ಕು ತೋರಿಸಲು ಕಟ್ಟಿದ್ದ ಬಟ್ಟೆಯ ಚೀಲ ನನ್ನ ಕಿಟಕಿಯಲ್ಲೇ ಕಾಣುತ್ತಿತ್ತು. ಅದು ತೂಗಿ ತೂಗಿ, ಪೂರ್ವಕ್ಕೆ ಚಾಚಿ ನಿಂತಿತು. ಮೋಡ ಸೀದಾ ಬಯಲಿನ ಕಡೆ ಹೊರಟಿತು. ಬಯಲಿನಲ್ಲಿದ್ದವರಿಗೆ ಕಾರ್ಖಾನೆಯ ಎತ್ತರದ ಗೋಡೆ ಅಡ್ಡ, ಅವರಿಗೆ ಏನೂ ಕಾಣುವಂತಿರಲಿಲ್ಲ.

ಠಾಣೆಗೆ ಫೋನ್ ಹಚ್ಚಿದೆ, ಎಂಗೇಜ್. ಮೊಬೈಲ್ ತೆಗೆದೆ, ಊರಿನ ಮಂದಿಯೆಲ್ಲ ಒಮ್ಮೆಗೇ ಫೋನ್ ಹಚ್ಚುತ್ತಿದ್ದರು, ಲೈನೇ ಸಿಗಲಿಲ್ಲ. ನಮ್ಮ ಜೀಪು ಕಳಿಸಿದೆ. ಅದನ್ನು ಪೊಲೀಸರೇ ರಸ್ತೆಗೆ ಅಡ್ಡ ಹಾಕಿದ ಬ್ಯಾರಿಕೇಡಿನಲ್ಲಿ ತಡೆದರು. ಮುಂದೆ ಯಾರನ್ನೂ ಬಿಡಬಾರದೆಂದು ಆ ಕಾನ್ಸ್‌ಟೇಬಲನಿಗೆ ಆದೇಶವಿತ್ತಂತೆ. ಪಾಪ, ಪಾಲಿಸಿದ.

ಅವತ್ತು ಶಿವರುದ್ರಪ್ಪ ನಮ್ಮಲ್ಲಿಗೆ ಒಂದು ಸೆಟ್ಟಿನ ರಿಪೇರಿಗೆ ಬಂದಿದ್ದರು. ಬ್ಯಾಗಿನಲ್ಲಿ ಲ್ಯಾಪ್‌ಟಾಪೂ ಕೇಬಲ್ಲೂ ಇದ್ದವು.

“ಶಿವರುದ್ರಪ್ನೋರ, ಪೊಲೀಸರ ಫ್ರೀಕ್ವೆನ್ಸಿ ಗೊತ್ತದಲ್ರಿ ನಿಮಗ?”

ಅವರು ನನ್ನ ಮುಖ ನೋಡಿದರು. “ಗೊತ್ತದ. ಆದ್ರ ಅದನ್ನ ನಿಮ್ಮ ಸೆಟ್ಟಿಗೆ ಹಾಕೂದು ಕಾಯ್ದೆಕ್ಕ ವಿರುದ್ಧ ಆಗ್ತದ್ರಿ ಅಕ್ಕಾರ. ನಿಮ್ಮದು ನೌಕರಿ ಹೋಗ್ತದ, ನನ್ನದು ಲೈಸೆನ್ಸ್ ಹೋಗ್ತದ.”

“ಕಿಟಕ್ಯಾಗ ನೋಡ್ರಿ.”

ಅವರು ನೋಡಿದರು. ಕೇಬಲ್ ತೆಗೆದು ಲ್ಯಾಪ್‌ಟಾಪಿನಿಂದ ನಮ್ಮ ಸೆಟ್ಟಿಗೆ ಸಿಕ್ಕಿಸಿ, ಪೊಲೀಸರ ಫ್ರೀಕ್ವೆನ್ಸಿ ಹಾಕಿದರು. ಸೆಟ್ಟು ನನ್ನ ಕೈಗೆ ಬಂದಾಗ ಎರಡು ಗಂಟೆ ಒಂದು ನಿಮಿಷ.

“ಬಯಲಿನಲ್ಲಿರುವ ಪೊಲೀಸರಿಗೆ. ನಾನು ಕುರಕುಂಭ ಕಂಟ್ರೋಲ್ ರೂಮ್. ಗಾಳಿ ತಿರುಗಿದೆ. ಜನರನ್ನು ಉತ್ತರದ ಕಡೆ ಓಡಿಸಿ,” ಎಂದು ಮರಾಠಿಯಲ್ಲಿ ಕೂಗಿದೆ.

“ಕೋಣ್ ಆಹೆ? ಯಾರದು?” ಎಂದು ಒಂದು ದಪ್ಪ ದನಿ ಗದರಿತು. “ಇದು ಪೊಲೀಸ್ ಚಾನೆಲ್. ಬಂದ್ ಕರಾ!”

ಅದು ಬಯಲಿನಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ಪಂಢರಿನಾಥನ ದನಿ ಎಂದು ಆಗ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಅವನು ಮೂರು ಕಿಲೋಮೀಟರ್ ದೂರದ ಠಾಣೆಯಲ್ಲಿ ಕೆಲಸಕ್ಕಿದ್ದ. ನಾವು ಒಮ್ಮೆಯೂ ಮಾತಾಡಿರಲಿಲ್ಲ.

“ನಾನು ಬಂದ್ ಮಾಡ್ತೀನಿ, ಅಣ್ಣಾ. ನೀವು ಮೊದಲು ಗೋಡೆಯ ಮೇಲೆ ನೋಡಿ. ಬಿಳಿ ಹೊಗೆ ಕಾಣುತ್ತಾ?”

ಸೆಟ್ಟು ಗರಗರ ಎಂದಿತು. ಆಮೇಲೆ ಅದೇ ದನಿ, ಈ ಸಲ ಕೆಮ್ಮುತ್ತ, ಮರಾಠಿಯಲ್ಲಿ ಅಕ್ಕ ಎಂದು ಕರೆಯುತ್ತ: “ಉತ್ತರ ಅಂದ್ರೆ ಯಾವ ಕಡೆ, ತಾಈ? ಹೈವೇ ಕಡೆನಾ?”

“ಹೈವೇ ಕಡೆ. ಬಾಯಿಗೆ ಒದ್ದೆ ಬಟ್ಟೆ ಹಿಡಿಯೋಕೆ ಹೇಳಿ. ಓಡಿಸಿ.”

ಓಡಿಸಿದರು. ಐನೂರು ಜನರಲ್ಲಿ ಬಹುಪಾಲು ಪಾರಾದರು. ಆದರೆ ಬಯಲಿನ ಪಶ್ಚಿಮದ ಅಂಚಿನಲ್ಲಿ ನಿಂತಿದ್ದ ಮೂವತ್ತೊಂದು ಜನ ಮೋಡದೊಳಗೆ ಸಿಕ್ಕಿದರು. ಇಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂರನೆಯ ದಿನ ನಾನು ನೋಡಲು ಹೋದೆ. ಮೂಲೆಯ ಮಂಚದಲ್ಲಿ ಒಬ್ಬ ಹೆಂಗಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಕನ್ನಡದಲ್ಲಿ ನೀರು ಕೇಳುತ್ತಿದ್ದಳು. ನರ್ಸಿಗೆ ಅದು ತಿಳಿಯುತ್ತಿರಲಿಲ್ಲ. ನಾನು ನೀರು ಕುಡಿಸಿದೆ. ಸಿಂದಗಿ ಕಡೆಯವಳು, ಹೆಸರು ಪಾರವ್ವ, ಹೊಸ ಶೆಡ್ಡಿನ ಕಟ್ಟಡದಲ್ಲಿ ಗಾರೆ ಹೊರುತ್ತಿದ್ದಳು.

“ಪೊಲೀಸ್ರು ಇಲ್ಲೇ ನಿಲ್ರಿ, ಅಲ್ಲಾಡಬ್ಯಾಡ್ರಿ ಅಂದ್ರವ್ವಾ. ನಿಂತ್ವಿ. ನನ್ನ ಮಗ್ಗಲದಾಕಿ ಓಡೂಣು ಅಂದ್ಲು. ನಾನ ಆಕೀ ಕೈ ಹಿಡದು ನಿಂದ್ರಿಸಿದೆ.”

ತೀರಿಹೋದ ಇಬ್ಬರಲ್ಲಿ ಒಬ್ಬಳು ಆ ಮಗ್ಗುಲಿನವಳು ಎಂದು ಪಾರವ್ವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಗಾಳಿ ತಿರುಗಿದ ಮೇಲೆ ಕಳೆದದ್ದು ಹನ್ನೊಂದು ನಿಮಿಷ. ನನ್ನ ಲೆಕ್ಕದಲ್ಲಿ ಎಂಟು ವರ್ಷ ಹನ್ನೊಂದು ನಿಮಿಷ.

ದಿಲ್ಲಿಯವರು ಈ ಸಲ ಹದಿನಾಲ್ಕು ತಿಂಗಳು ತೆಗೆದುಕೊಳ್ಳಲಿಲ್ಲ. ಹದಿನಾರನೆಯ ದಿನಕ್ಕೇ ನೋಟೀಸು ಬಂತು. ಅನುಮತಿಯಿಲ್ಲದ ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡಿದ್ದಕ್ಕಾಗಿ ಮಂಡಳಿಯ ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದು, ಸೆಟ್ಟುಗಳನ್ನು ಯಾಕೆ ಜಪ್ತಿ ಮಾಡಬಾರದು, ಕಾರಣ ಹೇಳಿ. ಇಷ್ಟು ಚುರುಕಾಗಿ ಕೆಲಸ ಮಾಡಬಲ್ಲವರು ಅಲ್ಲಿ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ವಿಚಾರಣೆಗೆ ಒಂದು ವಾರ ಇರುವಾಗ ಚೇತನ ಬಂದ. ಕೈಯಲ್ಲಿ ಪೇಡೆಯ ಡಬ್ಬಿ, ಜೊತೆಗೊಂದು ಟೈಪ್ ಮಾಡಿದ ಹಾಳೆ.

“ಸೈ ಮಾಡಿಬಿಡಿ ಮೇಡಂ, ಎಲ್ಲ ಮುಗೀತದೆ. ನೋಟೀಸ್ ವಾಪಸ್ ತೆಗೆಸೋದು ನನ್ನ ಜವಾಬ್ದಾರಿ.”

ಓದಿದೆ. ಅಪಘಾತದ ದಿನ ಕಂಟ್ರೋಲ್ ರೂಮು ಸಮಿತಿಯ ಪ್ರಾಯೋಗಿಕ ಬ್ರಾಡ್‌ಬ್ಯಾಂಡ್ ಜಾಲದ ಮೂಲಕ ಪೊಲೀಸರನ್ನು ಸಂಪರ್ಕಿಸಿತು, ಜನರನ್ನು ವಿಳಂಬವಿಲ್ಲದೆ ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಯಿತು ಎಂದಿತ್ತು.

“ಆ ಪೆಟ್ಟಿಗಿಗೆ ವರ್ಷದಿಂದ ಕರೆಂಟಿಲ್ರಿ, ಚೇತನ.”

“ಅದು ಟೆಕ್ನಿಕಲ್ ವಿಷಯ. ಇದೊಂದು ರಿಪೋರ್ಟ್ ಚೆನ್ನಾಗಿ ಹೋದ್ರೆ ಸ್ಪೆಕ್ಟ್ರಮ್ ಸಿಗ್ತದೆ ಮಾರಾಯ್ರೆ! ಇಡೀ ರಾಜ್ಯಕ್ಕೆ ಜಾಲ ಬರ್ತದೆ. ನಾಳೆ ಸಾವಿರಾರು ಜನ ಉಳೀತಾರೆ. ಒಂದು ಸೈಗೆ ಯಾಕೆ ಇಷ್ಟು ಯೋಚನೆ?”

ಅವನು ಅದನ್ನು ನಂಬಿದ್ದ. ನನಗೆ ಅಸಹ್ಯವೆನಿಸಿದ್ದು ಅದೇ. ಕಳ್ಳನಾಗಿದ್ದರೆ ಅರ್ಥವಾಗುತ್ತಿತ್ತು.

“ವಿಳಂಬವಿಲ್ಲದೆ ಅಂತ ಬರದೀರಿ. ಆಸ್ಪತ್ರಿಗೆ ಹೋಗಿ ಪಾರವ್ವಗ ಓದಿ ಹೇಳ್ರಿ. ಆಕೀ ಹೌದಂದ್ರ ನಾ ಸೈ ಮಾಡ್ತೀನಿ.”

ಅವನು ಎದ್ದ. ಪೇಡೆಯ ಡಬ್ಬಿಯನ್ನು ನಾನೇ ಅವನ ಕೈಗೆ ತಿರುಗಿ ಕೊಟ್ಟೆ.

ಆದರೆ ಆ ಸಂಜೆ ಧೈರ್ಯ ಕರಗಿತು. ನಾನು ಹಟ ಹಿಡಿದರೆ ಹೋಗುವುದು ಶಿವರುದ್ರಪ್ಪನವರ ಹೊಟ್ಟೆಪಾಡು. ಭೋಸರಿಗೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಅವರು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು, ಕನ್ನಡಕ ಒರೆಸಿದರು.

“ಸೈ ಮಾಡಬ್ಯಾಡ್ರಿ ಅಕ್ಕಾರ. ಕೇಬಲ್ ಹಾಕಿದ್ದು ನಾನು. ಅದನ್ನ ಆ ಬಿಳಿ ಪೆಟ್ಟಿಗಿ ಮಾಡ್ತು ಅಂತ ಬರದ್ರ ನನಗ ಭಾಳ ಸಿಟ್ಟು ಬರ್ತದ.”

ವಿಚಾರಣೆ ಪುಣೆಯಲ್ಲಿ ನಡೆಯಿತು. ದೌಂಡ್ ಪ್ಯಾಸೆಂಜರಿನಲ್ಲಿ ಹೋದೆ. ಮೂವರು ಅಧಿಕಾರಿಗಳು ಮೇಜಿನ ಆಚೆ ಕೂತಿದ್ದರು. ಅವರಿಗೆ ಬೇಕಾದದ್ದು ಸತ್ತವರ ಲೆಕ್ಕವಲ್ಲ. ಪ್ರಸಾರ ಎಷ್ಟು ಸೆಕೆಂಡು ನಡೆಯಿತು, ಎಷ್ಟು ವಾಟ್ ಶಕ್ತಿಯಲ್ಲಿ ನಡೆಯಿತು ಎಂದು ಕೇಳಿದರು. ಪೊಲೀಸರ ಚಾನೆಲ್ಲಿಗೆ ನನ್ನಿಂದ ತೊಂದರೆಯಾಯಿತೇ ಎಂದು ತಿಳಿಯಲು ಪಂಢರಿನಾಥನನ್ನೂ ಕರೆಸಿದ್ದರು. ಅವನನ್ನು ನಾನು ಅವತ್ತೇ ಮೊದಲು ಕಂಡದ್ದು. ಕುಳ್ಳು, ಬಿಳಿ ಮೀಸೆ, ಇನ್ನೂ ಕೆಮ್ಮು ನಿಂತಿರಲಿಲ್ಲ. ವೈರ್‌ಲೆಸ್ಸಿನಲ್ಲಿ ಬಂದ ಮಾತುಗಳನ್ನು ಬರೆದಿಡುವ ಠಾಣೆಯ ಲಾಗ್ ಪುಸ್ತಕ ತಂದಿದ್ದ. ಎದ್ದು ನಿಂತು ಓದಿದ: “ಹದಿನಾಲ್ಕು ಗಂಟೆ ಒಂದು ನಿಮಿಷ. ನಮ್ಮ ಚಾನೆಲ್ಲಿನಲ್ಲಿ ಅಪರಿಚಿತ ಹೆಂಗಸು. ಗಾಳಿ ತಿರುಗಿದೆ ಎಂದರು. ನಿಜವಿತ್ತು.”

“ತೊಂದರೆಯಾಯಿತೇ?” ಎಂದು ಅಧಿಕಾರಿ ಮತ್ತೆ ಕೇಳಿದರು.

“ಆಯಿತು, ಸಾಹೇಬ್. ಹನ್ನೊಂದು ನಿಮಿಷ ಮೊದಲೇ ಆಗಬೇಕಿತ್ತು.”

ಆ ಮಾತನ್ನು ಅವರು ಬರೆದುಕೊಳ್ಳಲಿಲ್ಲ. ಆದರೆ ಲಾಗ್ ಪುಸ್ತಕದ ಪ್ರತಿಯನ್ನು ಇಟ್ಟುಕೊಳ್ಳಲೇಬೇಕಾಯಿತು. ಅದು ಇರುವಾಗ ಲೈಸೆನ್ಸು ರದ್ದು ಮಾಡಿದರೆ ಪತ್ರಿಕೆಯವರು ಬಿಡುವುದಿಲ್ಲ ಎಂದು ಯಾರೋ ಅವರಿಗೆ ಹೇಳಿರಬೇಕು. ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಒಂದು ಸೆಟ್ಟು ಜಪ್ತಿ ಮಾಡಿದರು. ಶಿವರುದ್ರಪ್ಪನವರ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಅವರು ಆ ಆರು ತಿಂಗಳು ಮಿಕ್ಸರ್, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದರು. ಪಂಢರಿನಾಥನಿಗೆ ಆ ವರ್ಷ ಬಡ್ತಿ ಬರಲಿಲ್ಲ.

ಸಮಿತಿಯ ವರದಿ ಹೊಳೆಯುವ ಕಾಗದದಲ್ಲಿ ಅಚ್ಚಾಗಿ ಬಂತು. ಕುರಕುಂಭದ ಹೆಸರು ಮೂರು ಕಡೆ ಇತ್ತು, ಡ್ರಮ್ಮಿನ ಬೆಂಕಿಯ ಫೋಟೋ ಪೂರ್ತಿ ಪುಟದಲ್ಲಿತ್ತು. ಏಪ್ರಿಲ್ ತಿಂಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಾರವ್ವನಿಗೆ ಎಡಗಣ್ಣು ಮರಳಲಿಲ್ಲ. ಅವಳನ್ನು ಮಂಡಳಿಯ ಕ್ಯಾಂಟೀನಿಗೆ ಸೇರಿಸಿಕೊಳ್ಳಲು ಮ್ಯಾನೇಜರುಗಳ ಬೆನ್ನು ಹತ್ತಿ ನಾಲ್ಕು ತಿಂಗಳು ತಿರುಗಿದೆ, ಸೇರಿಸಿದೆ. ಗೆಳತಿಯ ವಿಷಯ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ಲೈಸೆನ್ಸು ಮರಳಿದ ವಾರ ಶಿವರುದ್ರಪ್ಪ ಪೊಲೀಸ್ ಠಾಣೆಯ ಒಂದು ಸೆಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದಕ್ಕೆ ‘ರಿಪೇರಿಯಲ್ಲಿದೆ’ ಎಂಬ ಚೀಟಿ ಕಟ್ಟಿತ್ತು.

“ಏನಾಗ್ಯದ್ರಿ ಇದಕ್ಕ?”

“ಏನೂ ಆಗಿಲ್ಲ. ಪಂಢರಿನಾಥ ಕಳಿಸ್ಯಾನ. ರಿಪೇರಿಗೆ ಕೊಟ್ಟ ಸೆಟ್ಟು ಎಲ್ಲಿ ಇಡಬೇಕು ಅಂತ ಯಾವ ಕಾಯ್ದೆದಾಗೂ ಬರದಿಲ್ಲಂತ. ನನ್ನ ಅಂಗಡ್ಯಾಗ ಜಾಗ ಇಲ್ರಿ, ಇಲ್ಲೇ ಇರಲಿ.”

ಈಗ ೨೦೦೯. ಸಮಿತಿಯ ಎರಡನೆಯ ಹಂತ ಇನ್ನೂ ಬಂದಿಲ್ಲ. ಮೂರು ತಿಂಗಳಿಗೊಮ್ಮೆ ಶಿವರುದ್ರಪ್ಪ ಬಂದು ಹೊಸ ತಾರೀಖಿನ ಚೀಟಿ ಕಟ್ಟಿ ಹೋಗುತ್ತಾರೆ. ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಅದರ ಗುಂಡಿ ಒತ್ತಿ ಗಾಳಿ ಯಾವ ಕಡೆ ಇದೆ ಎಂದು ಹೇಳುತ್ತೇನೆ. ಆ ಕಡೆಯಿಂದ ಪಂಢರಿನಾಥ ಕೆಮ್ಮಿ, ಬರೆದುಕೊಂಡೆ ತಾಈ, ಎನ್ನುತ್ತಾನೆ.