ಚೀಟಿಯಿಲ್ಲದ ಹುಳುಗಳು

"ಅದು ಸೌದೆ ಕೋಣೆಗೆ ಬೇಡ, ನಂಗೆ ಕೊಡಿ," ಎನ್ನುತ್ತ ತಿರುಮಲೇಶ ನೆಂಟರ ಕೈಯಿಂದ ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಕಿತ್ತುಕೊಂಡ. ಜಯನಗರದ ಆ ಪುಟ್ಟ ಮನೆಯ ನಡುಮನೆಯಲ್ಲಿ ಅನಂತರಾಮು ಮೇಷ್ಟರನ್ನು ಮಲಗಿಸಿದ್ದರು. ಜನ ಕೂರಲು ಜಾಗ ಬೇಕೆಂದು ಅವರ ಸಾಮಾನೆಲ್ಲ ಹೊರಗೆ ಹೋಗುತ್ತಿತ್ತು. ಮನುಷ್ಯ ಹೋಗಿ ಇನ್ನೂ ಐದು ಗಂಟೆಯಾಗಿರಲಿಲ್ಲ.

ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿದ ನಲವತ್ತು ಜೀರುಂಡೆಗಳು. ಗೋಡೆಗೊರಗಿ ಕೂತಿದ್ದ ಮೇಷ್ಟರ ಹೆಂಡತಿ ಕಾತ್ಯಾಯಿನಿ, ತಗೊಂಡು ಹೋಗಿ ಕಾಲೇಜಲ್ಲಿಡಪ್ಪ ಎಂದರು.

"ಅಲ್ಲಿ ಇಟ್ಕೊಳಲ್ಲಮ್ಮ. ಕೆಳಗೆ ಚೀಟಿಗಳೇ ಇಲ್ವಲ್ಲ."

"ಯಾವ ಚೀಟಿ?"

ಮೇಷ್ಟರ ಹಳೇ ವಿದ್ಯಾರ್ಥಿಯಾದ ತಿರುಮಲೇಶ ವಿವರಿಸಿದ. ಮೇಷ್ಟರು ಎರಡು ಬೇಸಿಗೆ ರಜೆ ಜೋಧಪುರದ ಕಡೆ ಮರಳುಗಾಡಿನಲ್ಲಿ ಅಲೆದು, ಎಕ್ಕದ ಗಿಡಗಳಿಂದ ಹಿಡಿದು ತಂದ ಹುಳುಗಳು. ನಮ್ಮ ಕಡೆಯ ಎಕ್ಕದ ಜೀರುಂಡೆಗಿಂತ ಇದು ಬೇರೆಯೇ ಪ್ರಭೇದ, ಯಾರೂ ಹೆಸರಿಟ್ಟಿಲ್ಲ ಎಂಬುದು ಮೇಷ್ಟರ ನಂಬಿಕೆ. ಆದರೆ ಯಾವ ಊರು, ಯಾವ ದಿನ ಎಂಬ ಚೀಟಿ ಹುಳುವಿನ ಕೆಳಗೆ ಅದೇ ಸೂಜಿಯಲ್ಲಿರಬೇಕು. ಇಲ್ಲದಿದ್ದರೆ ಶಾಸ್ತ್ರ ಬಲ್ಲವರು ಕಣ್ಣೆತ್ತಿಯೂ ನೋಡುವುದಿಲ್ಲ. ಮತ್ತೆ ಅಷ್ಟು ದೂರ ಹೋಗಲು ಎದೆನೋವು ಬಿಡಲಿಲ್ಲ.

"ನೆನಪಿಂದ ಬರೆದು ಚುಚ್ಚಿ ಅಂತ ಬೇಡ್ಕೊಂಡೆ. ಯಾವುದು ಯಾವ ಊರಿಂದೋ, ಸುಳ್ಳು ಬರೀಬಾರ್ದು ಅಂದ್ಬಿಟ್ರು. ಹೋದ ತಿಂಗಳು ಇನ್ಯಾರೋ ಹೆಸರಿಟ್ರು ಅದಕ್ಕೆ. ಎಲ್ಲಾ ಆ ಹಾಳು ಇಲಿಗಳಿಂದ."

ಚೀಟಿಗಳನ್ನು ಇಲಿಗಳು ತಿಂದವೆಂದು ಮೇಷ್ಟರೇ ಹೇಳಿದ್ದರಂತೆ. ಹುಳ ಬಿಟ್ಟು ಕಾಗದ ತಿಂದ ಇಲಿ! ಮೇಷ್ಟರ ಮಾತೆಂದು ಇವನು ಮರುಪ್ರಶ್ನೆ ಹಾಕಿರಲಿಲ್ಲ.

ಕಾತ್ಯಾಯಿನಿ ಗಾಜಿನ ಮೇಲೆ ಬಗ್ಗಿ ಹುಳುಗಳನ್ನು ನೋಡಿದರು.

*

ಆರು ವರ್ಷದ ಹಿಂದೆ, ಬಸವನಗುಡಿಯ ವಠಾರ ಬಿಟ್ಟು ಈ ಮನೆಗೆ ಬಂದ ವಾರ. ಗೃಹಪ್ರವೇಶಕ್ಕೆ ಎಲ್ಲ ಚೊಕ್ಕಟವಾಗಿರಬೇಕೆಂಬ ಹುರುಪು ಕಾತ್ಯಾಯಿನಿಗೆ. ಗಂಡನಿಗೊಂದು ಉಪಕಾರವಾಗಲೆಂದು ಆ ಪೆಟ್ಟಿಗೆಯನ್ನೂ ತೆರೆದರು. ಪ್ರತಿ ಹುಳದ ಕೆಳಗೂ ಹಳದಿಗಟ್ಟಿದ ಕಾಗದದ ಚೂರು. ಒಂದೊಂದೇ ಸೂಜಿ ಎತ್ತಿ, ಒಂದು ಹುಳದ ಕಾಲೂ ಮುರಿಯದಂತೆ ಬಿಡಿಸಿ, ಹಂಡೆ ಒಲೆಗೆ ಹಾಕಿದರು. ಮಧ್ಯಾಹ್ನವೆಲ್ಲ ಹಿಡಿಯಿತು.

ಸಂಜೆ ಮೇಷ್ಟರು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು.

"ಈಗ ಲಕ್ಷಣವಾಗಿದೆ ಅಲ್ವಾ?"

"ಲಕ್ಷಣವಾಗಿದೆ," ಎಂದರು. ಕಾಫಿ ಕೇಳಿದರು.

ಆಮೇಲೆ ಅವರು ಬರವಣಿಗೆಗೆ ಕೂತದ್ದೇ ಇಲ್ಲ. ವಯಸ್ಸಾಯಿತು, ಆಸಕ್ತಿ ಹೋಯಿತು ಎಂದು ಕಾತ್ಯಾಯಿನಿ ಅಂದುಕೊಂಡಿದ್ದರು.

*

"ನಮ್ಮನೇಲಿ ಇಲಿ ಇರ್ಲಿಲ್ಲಪ್ಪ. ನಾನೇ ತೆಗ್ದು ಒಲೆಗೆ ಹಾಕ್ದೆ," ಎಂದರು.

ತಿರುಮಲೇಶ ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

ಬಾಯಿಗೆ ಅಕ್ಕಿ ಹಾಕಲು ಪುರೋಹಿತರು ಕರೆದರು. ಕಾತ್ಯಾಯಿನಿ ಹಿಡಿಯಕ್ಕಿ ತೆಗೆದುಕೊಂಡು ಬಗ್ಗಿದರು. ಹಾಕಲಿಲ್ಲ. ಗಂಡನ ಕಿವಿಯ ಹತ್ತಿರ ಬಾಯಿಟ್ಟು, "ಒಂದ್ಸಲ ಬೈಬಾರ್ದಿತ್ತಾ ನನ್ನ?" ಎಂದರು.

ಹೊತ್ತಾಯಿತೆಂದು ಯಾರೋ ಗೊಣಗಿದರು. ಆಕೆ ತಲೆ ಹೊರಳಿಸಿ, ತಮ್ಮ ಕಿವಿಯನ್ನು ಅವರ ತುಟಿಗೆ ಒತ್ತಿ ಹಾಗೇ ಇದ್ದುಬಿಟ್ಟರು.